ಸ್ಥಿರ ವಿದ್ಯುತ್: ನೂಲುಗಿರಣಿಯ ನಿದರ್ಶನ

ಎರಡು ವಸ್ತುಗಳು ತಾಗಿ ಬೇರ್ಪಟ್ಟಾಗ ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ದಾಟಿ, ಹರಿಯದೆ ಉಳಿಯುವ ಆವೇಶವೇ ಸ್ಥಿರ ವಿದ್ಯುತ್. ದಾವಣಗೆರೆ ಹತ್ತಿಗಿರಣಿಗಳಿಂದ ‘ಕರ್ನಾಟಕದ ಮ್ಯಾಂಚೆಸ್ಟರ್’ ಎನಿಸಿಕೊಂಡ ಊರು. ಇಂಥ ಗಿರಣಿಗಳಲ್ಲಿ ನೂಲುವಾಗ ಎಳೆಗಳು ಉರುಳೆಗಳಿಗೆ ಉಜ್ಜುತ್ತಲೇ ಇರುತ್ತವೆ. ಸಜಾತೀಯ ಆವೇಶ ಪಡೆದ ಎಳೆಗಳು ಪರಸ್ಪರ ವಿಕರ್ಷಿಸಿ ಕೆದರುತ್ತವೆ. ಆದರೂ ತೊಂದರೆಯ ಮೂಲ ಘರ್ಷಣೆಗಿಂತ ಒಣಹವೆ ಎನ್ನಬೇಕು: ಉಜ್ಜಾಟ ವರ್ಷವಿಡೀ ಒಂದೇ, ಕಾಟ ಹೆಚ್ಚುವುದು ತೇವ ಇಳಿದಾಗ. ಗಿರಣಿಯೊಳಗೆ ತೇವ ಕಾಯುವುದು ಹತ್ತಿಯ ಬಲಕ್ಕಾಗಿ ಮಾತ್ರ ಎಂಬ ಆಕ್ಷೇಪ ಅರ್ಧ ಸರಿ. ಒದ್ದೆ ಹತ್ತಿ ಗಟ್ಟಿಯಾಗುವುದು ನಿಜ. ಆದರೆ ತೇವದಿಂದ ಬಲ ಹೆಚ್ಚದ ಪಾಲಿಯೆಸ್ಟರ್ ನೂಲುವಾಗಲೂ ತೇವ ಬೇಕೇ ಬೇಕು. ಶೇ. 65 ಸಾಪೇಕ್ಷ ಆರ್ದ್ರತೆಯಲ್ಲಿ ಹತ್ತಿ ತನ್ನ ತೂಕದ ಸುಮಾರು ಶೇ. 7–8ರಷ್ಟು ನೀರು ಹೀರಿ ಆವೇಶ ಸೋರಲು ಬಿಡುತ್ತದೆ. ಪಾಲಿಯೆಸ್ಟರ್ ಹೀರುವುದು ಸುಮಾರು ಶೇ. 0.4. ಆದ್ದರಿಂದ ಅದಕ್ಕೆ ಆವೇಶನಿರೋಧಕ ಲೇಪನವನ್ನೂ ಹಚ್ಚುತ್ತಾರೆ.