ಲೆಯೋನ್‌ನಲ್ಲಿ ಇಳಿದ ಕಿರೀಟ

ಒಮ್ಮೆ ಕಣಕ್ಕಿಳಿದ ಹನ್ನೊಂದು ಮಂದಿಯೇ ಕಡೆಯ ಸೀಟಿಯವರೆಗೂ ಹೋರಾಡಬೇಕೆಂಬುದು ವಿಶ್ವಕಪ್ ಫುಟ್‌ಬಾಲಿನ ಹಳೆಯ ಧರ್ಮವಾಗಿತ್ತು. ಒಬ್ಬನ ಕಾಲು ಉಳುಕಿದರೆ ಉಳಿದ ಹತ್ತು ಮಂದಿ ಅವನ ಪಾಲಿನ ಓಟವನ್ನೂ ಓಡಬೇಕು. ಗಾಯಗೊಂಡವನು ಗಡಿಗೆರೆಯ ಬಳಿ ಕುಂಟುತ್ತ ನಿಂತಿರಬೇಕು. 1966ರಲ್ಲಿ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಪೋರ್ಚುಗಲ್ ಆಟಗಾರರ ಒದೆತಕ್ಕೆ ಸಿಕ್ಕ ಪೆಲೆಯಂಥ ಪೆಲೆಯೂ ಹಾಗೆಯೇ ಕುಂಟಿದ್ದ. ಅವನ ಜಾಗಕ್ಕೆ ಇನ್ನೊಬ್ಬನನ್ನು ಇಳಿಸಲು ಬ್ರೆಜಿಲ್‌ಗೆ ನಿಯಮದ ಅನುಮತಿ ಇರಲಿಲ್ಲ. ಹೀಗಾಗಿ ಮ್ಯಾನೇಜರನ ಜಾಣ್ಮೆಯೆಲ್ಲ ಆಟ ಶುರುವಾಗುವ ಮುಂಚೆಯೇ ಖರ್ಚಾಗುತ್ತಿತ್ತು. ತಕ್ಕವರನ್ನು ಆರಿಸಿ, ವ್ಯೂಹ ರಚಿಸಿ, ಧೈರ್ಯ ಹೇಳಿ ಕಳುಹಿಸಿದ ಮೇಲೆ ಅವನು ಬೆಂಚಿನ ಮೇಲೆ ಕುಳಿತ ಒಬ್ಬ ಪ್ರೇಕ್ಷಕ, ಅಷ್ಟೇ.

ಆ ಯುಗದ ಕೊನೆಯ ಚಕ್ರವರ್ತಿ ಇಂಗ್ಲೆಂಡಿನ ಆಲ್ಫ್ ರಾಮ್ಸೆ. ಆಟಗಾರನಾಗಿ ಅವನು ಕಂಡದ್ದು ತನ್ನ ನಾಡಿನ ಅವಮಾನಗಳನ್ನು. 1950ರಲ್ಲಿ ಬ್ರೆಜಿಲಿನ ಬೆಲೊ ಹೊರಿಜಾಂಟೆಯಲ್ಲಿ ಅಮೆರಿಕದ ಅರೆವೃತ್ತಿಪರರ ಎದುರು ಇಂಗ್ಲೆಂಡ್ 0-1ರಿಂದ ಸೋತಾಗ ಅವನು ರೈಟ್ ಬ್ಯಾಕ್. 1953ರಲ್ಲಿ ವೆಂಬ್ಲಿಯಲ್ಲಿ ಹಂಗೆರಿ 6-3ರಿಂದ ಇಂಗ್ಲೆಂಡಿನ ಗರ್ವ ಮುರಿದಾಗಲೂ ಅವನು ಅದೇ ಜಾಗದಲ್ಲಿದ್ದ. ಅದೇ ಅವನ ಕೊನೆಯ ಅಂತರರಾಷ್ಟ್ರೀಯ ಪಂದ್ಯವಾಯಿತು. ಬಳಿಕ ಇಪ್ಸ್‌ವಿಚ್ ಎಂಬ ಸಾಮಾನ್ಯ ಕ್ಲಬ್ಬನ್ನು ಕೈಗೆತ್ತಿಕೊಂಡು, ಮೊದಲ ದರ್ಜೆಗೆ ಏರಿದ ಮೊದಲ ವರ್ಷವೇ, 1962ರಲ್ಲಿ, ಇಂಗ್ಲಿಷ್ ಲೀಗಿನ ಪಟ್ಟ ಕಟ್ಟಿದ. ಮರುವರ್ಷ ದೇಶದ ತಂಡದ ಹೊಣೆ ಹೊತ್ತು, ಮುಂದಿನ ವಿಶ್ವಕಪ್ ನಮ್ಮದೇ ಎಂದು ಸಾರಿದ. ನುಡಿದಂತೆ ನಡೆದೂ ತೋರಿಸಿದ. 1966ರ ಜುಲೈ 30ರಂದು ವೆಂಬ್ಲಿಯಲ್ಲಿ ಪಶ್ಚಿಮ ಜರ್ಮನಿಯನ್ನು 4-2ರಿಂದ ಮಣಿಸಿ ಕಪ್ ಗೆದ್ದ. ರಾಣಿ ಅವನಿಗೆ ಸರ್ ಪದವಿ ಕೊಟ್ಟಳು.

ಆ ಗೆಲುವಿನ ಗುಟ್ಟು ಒಂದು ವ್ಯೂಹದಲ್ಲಿತ್ತು. ಅಂಚಿನಲ್ಲಿ ಓಡುವ ವಿಂಗರ್‌ಗಳನ್ನು ರಾಮ್ಸೆ ಕೈಬಿಟ್ಟು ನಡುಮೈದಾನವನ್ನು ದಟ್ಟವಾಗಿ ತುಂಬಿದ್ದ. ವಿಂಗರ್‌ಗಳ ಕೆಲಸ ಫುಲ್‌ಬ್ಯಾಕ್‌ಗಳ ಹೆಗಲಿಗೆ ಬಿತ್ತು. ಅವರು ಹಿಂದೆ ಕಾಯಲೂ ಬೇಕು, ಮುಂದೆ ನುಗ್ಗಿ ಕ್ರಾಸ್ ಕೊಡಲೂ ಬೇಕು. ಇಂಗ್ಲೆಂಡಿನ ತಂಪು ಹವೆಯಲ್ಲಿ ಇದು ನಡೆಯಿತು. ನಾಲ್ಕು ವರ್ಷದ ಬಳಿಕ ಮೆಕ್ಸಿಕೋದ ಎತ್ತರದ ತೆಳುಗಾಳಿಯಲ್ಲಿ ಇದೇ ವ್ಯೂಹ ತನ್ನ ಬೆಲೆ ಕೇಳಲಿತ್ತು.

1970ರ ಮೆಕ್ಸಿಕೋ ವಿಶ್ವಕಪ್ ಹೊಸ ನಿಯಮದೊಂದಿಗೆ ಬಂತು. ಪ್ರತಿ ತಂಡವೂ ಪಂದ್ಯದ ನಡುವೆ ಇಬ್ಬರನ್ನು ಬದಲಿಸಬಹುದಾಗಿತ್ತು. ಮೇ 31ರ ಉದ್ಘಾಟನಾ ಪಂದ್ಯದಲ್ಲಿ ಸೋವಿಯತ್ ತಂಡದ ಅನತೋಲಿ ಪುಜಾಚ್ ವಿಶ್ವಕಪ್ಪಿನ ಮೊದಲ ಬದಲಿ ಆಟಗಾರನಾಗಿ ಕಣಕ್ಕಿಳಿದ. ಬೆಂಚಿನ ಮೇಲಿನ ಪ್ರೇಕ್ಷಕ ಅಂದಿನಿಂದ ಸೇನಾಪತಿಯಾದ. ಯಾರನ್ನು, ಯಾವಾಗ, ಯಾರ ಬದಲು ಎಂಬ ಮೂರು ಪ್ರಶ್ನೆಗಳಿಗೆ ಅವನು ಗಡಿಯಾರ ಓಡುತ್ತಿರುವಾಗಲೇ ಉತ್ತರ ಕೊಡಬೇಕಾಯಿತು.

ಜೂನ್ 14ರಂದು ಲೆಯೋನ್ ನಗರದಲ್ಲಿ ಕ್ವಾರ್ಟರ್ ಫೈನಲ್. ಎದುರಾಳಿ ಅದೇ ಪಶ್ಚಿಮ ಜರ್ಮನಿ. ಅದರ ಕೋಚ್ ವೆಂಬ್ಲಿಯಲ್ಲಿ ಸೋತಿದ್ದ ಅದೇ ಹೆಲ್ಮುಟ್ ಶೋನ್. ಯುರೋಪಿನ ಟೀವಿ ವೀಕ್ಷಕರ ಅನುಕೂಲಕ್ಕಾಗಿ ನಡುಮಧ್ಯಾಹ್ನ ಹನ್ನೆರಡಕ್ಕೇ ಆಟ ಇಡಲಾಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಒಂದು ವಾರದ ಹಿಂದೆ ಪೆಲೆಯ ಹೆಡರನ್ನು ತಡೆದು ಲೋಕದ ಕಣ್ಣರಳಿಸಿದ್ದ ಗೋಲ್‌ಕೀಪರ್ ಗೋರ್ಡನ್ ಬ್ಯಾಂಕ್ಸ್ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದಿದ್ದ. ಅವನ ಜಾಗಕ್ಕೆ ಚೆಲ್ಸಿಯ ಪೀಟರ್ ಬೊನೆಟ್ಟಿ ಬಂದ.

ಆದರೂ ಮೊದಲ ಒಂದು ಗಂಟೆ ಇಂಗ್ಲೆಂಡಿನದೇ ಆಗಿತ್ತು. ರೈಟ್ ಬ್ಯಾಕ್ ಕೀತ್ ನ್ಯೂಟನ್ ಮುನ್ನುಗ್ಗಿ ಕೊಟ್ಟ ಕ್ರಾಸಿಗೆ 31ನೇ ನಿಮಿಷದಲ್ಲಿ ಅಲನ್ ಮಲ್ಲೆರಿ ಗೋಲು ಹೊಡೆದ. ವಿರಾಮದ ಬೆನ್ನಲ್ಲೇ, 49ನೇ ನಿಮಿಷದಲ್ಲಿ, ಮತ್ತೆ ನ್ಯೂಟನ್ ಕೊಟ್ಟ ಚೆಂಡನ್ನು ಮಾರ್ಟಿನ್ ಪೀಟರ್ಸ್ ಬಲೆಗೆ ಸೇರಿಸಿದ. 2-0. ನಡುಮೈದಾನದಲ್ಲಿ ಬಾಬಿ ಚಾರ್ಲ್‌ಟನ್ ಆಡುತ್ತಿದ್ದ. ವಯಸ್ಸು 32; ಅಂದು ಇಂಗ್ಲೆಂಡಿನ ಪರ ಅವನ 106ನೇ ಪಂದ್ಯ, ಬಿಲ್ಲಿ ರೈಟ್‌ನ ದಾಖಲೆ ಮುರಿದ ದಿನ. ಅವನೆದುರು 24 ವರ್ಷದ ಫ್ರಾಂಜ್ ಬೆಕೆನ್‌ಬಾವರ್. ವೆಂಬ್ಲಿಯ ಫೈನಲಿನಲ್ಲೂ ಈ ಇಬ್ಬರು ಒಬ್ಬರನ್ನೊಬ್ಬರು ಕಾಯುತ್ತಲೇ ದಿನ ಕಳೆದಿದ್ದರು. ಚಾರ್ಲ್‌ಟನ್ ಎಲ್ಲಿ ಓಡಿದರೆ ಅಲ್ಲಿಗೆ ಬೆಕೆನ್‌ಬಾವರ್ ಹೋಗಲೇಬೇಕು. ಹಾಗೆ ಹೋದಾಗ ಜರ್ಮನಿಯ ದಾಳಿಗೆ ಅದರ ಮಿದುಳೇ ಇಲ್ಲದಂತಾಗುತ್ತಿತ್ತು.

ಮೊದಲ ಜಾಣ ನಡೆ ಶೋನ್‌ನದು. ಎರಡನೇ ಅರ್ಧ ಸ್ವಲ್ಪ ಸಾಗುತ್ತಿದ್ದಂತೆ ಅವನು ವಿಂಗರ್ ಲಿಬುಡಾನನ್ನು ಕರೆಸಿ ಯುರ್ಗನ್ ಗ್ರಾಬೋವ್‌ಸ್ಕಿಯನ್ನು ಕಳುಹಿಸಿದ. ದಣಿಯದ ಕಾಲುಗಳ ಈ ಹೊಸಬ ಇಂಗ್ಲೆಂಡಿನ ಲೆಫ್ಟ್ ಬ್ಯಾಕ್ ಟೆರಿ ಕೂಪರ್‌ನ ಮೇಲೆ ಮತ್ತೆ ಮತ್ತೆ ಎರಗಿದ. ಆಟ ಶುರುವಾದಾಗಿನಿಂದ ಮೇಲೆ ಕೆಳಗೆ ಓಡಿ ಓಡಿ ಕೂಪರ್‌ನ ಉಸಿರು ಆಗಲೇ ಕಟ್ಟಿತ್ತು. ವಿಂಗರ್‌ಗಳಿಲ್ಲದ ವ್ಯೂಹದ ಸಾಲ ವಸೂಲಾಗತೊಡಗಿದ್ದು ಇಲ್ಲಿ.

68ನೇ ನಿಮಿಷದಲ್ಲಿ ಬೆಕೆನ್‌ಬಾವರ್ ಮಲ್ಲೆರಿಯನ್ನು ದಾಟಿ ನೆಲಮಟ್ಟಕ್ಕೆ ಹೊಡೆದ ಚೆಂಡು ಬೊನೆಟ್ಟಿಯ ಮೈಯಡಿ ನುಸುಳಿ ಗೋಲಾಯಿತು. ಇದಾದ ಕೂಡಲೇ ರಾಮ್ಸೆ ಚಾರ್ಲ್‌ಟನ್‌ನನ್ನು ಹೊರಗೆ ಕರೆದು ಕಾಲಿನ್ ಬೆಲ್‌ನನ್ನು ಒಳಗೆ ಕಳುಹಿಸಿದ. ಅರ್ಧ ಶತಮಾನದಿಂದ ಇಂಗ್ಲೆಂಡಿನವರು ಜಗಳವಾಡುತ್ತ ಬಂದಿರುವುದು ಈ ಒಂದು ಕರೆಯ ಬಗ್ಗೆಯೇ.

ಜನ ಹೇಳುವ ಕಥೆಯಲ್ಲಿ ಚಾರ್ಲ್‌ಟನ್ ಹೋದ, ಬೆಕೆನ್‌ಬಾವರ್‌ಗೆ ಬಿಡುವು ಸಿಕ್ಕಿತು, ಗೋಲು ಬಂತು. ಈ ಕಥೆಯ ಕಾಲಕ್ರಮ ತಿರುಗುಮುರುಗಾಗಿದೆ. ಬೆಕೆನ್‌ಬಾವರ್ ಗೋಲು ಹೊಡೆದಾಗ ಚಾರ್ಲ್‌ಟನ್ ಇನ್ನೂ ಮೈದಾನದಲ್ಲೇ ಇದ್ದ. ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ: ಈ ಬದಲಾವಣೆ ಗಾಬರಿಯಲ್ಲಿ ಹೊಳೆದದ್ದಲ್ಲ. ಇದೇ ಕೂಟದಲ್ಲಿ ಬ್ರೆಜಿಲ್ ವಿರುದ್ಧವೂ ಜೆಕೊಸ್ಲೊವಾಕಿಯಾ ವಿರುದ್ಧವೂ ರಾಮ್ಸೆ ಒಂದು ಗಂಟೆ ದಾಟಿದ ಮೇಲೆ ಚಾರ್ಲ್‌ಟನ್‌ನನ್ನು ಹೊರಗೆ ಕರೆದಿದ್ದ. ವಯಸ್ಸಾದ ವೀರನನ್ನು ಬಿಸಿಲಿನಿಂದ ಕಾಪಾಡಿ ಮುಂದಿನ ಪಂದ್ಯಕ್ಕೆ ಉಳಿಸಿಕೊಳ್ಳುವುದು ಅವನ ಪದ್ಧತಿಯೇ ಆಗಿತ್ತು. ಮೂರೇ ದಿನಕ್ಕೆ, ಜೂನ್ 17ರಂದು, ಸೆಮಿಫೈನಲ್ ಇತ್ತು.

ತಪ್ಪಿದ್ದದ್ದು ಅಲ್ಲಿಯೇ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಯಲು ಕುಳಿತಂತಾಯಿತು. ಗೆಲ್ಲದ ಕ್ವಾರ್ಟರ್ ಫೈನಲಿನ ನಡುವೆ ಕುಳಿತು ಅವನು ಸೆಮಿಫೈನಲಿನ ಲೆಕ್ಕ ಹಾಕುತ್ತಿದ್ದ. 2-0 ಇದ್ದಾಗ ಆ ಲೆಕ್ಕಕ್ಕೆ ಅರ್ಥವಿತ್ತು. 2-1 ಆದ ಕ್ಷಣ ಇರಲಿಲ್ಲ. ಗೋಲು ಬಿದ್ದ ಮೇಲೂ ಮನಸ್ಸು ಬದಲಿಸದೆ ಮೊದಲೇ ಬರೆದಿಟ್ಟ ಪಟ್ಟಿಯಂತೆ ನಡೆದ. ಹೊರಗೆ ನಡೆದ ಚಾರ್ಲ್‌ಟನ್‌ನ ಹಿಂದೆ ಬೆಕೆನ್‌ಬಾವರ್‌ನ ಕಾವಲೂ ಮುಗಿಯಿತು. ಅಲ್ಲಿಂದಾಚೆ ಅವನು ಇಚ್ಛೆಯಂತೆ ಮುನ್ನುಗ್ಗಿದ.

ಇನ್ನೊಂದು ಬದಲಾವಣೆಯೂ ಇತ್ತು. ಅದು ಇದಕ್ಕಿಂತ ಕೆಟ್ಟದ್ದು. ಆಟ ಮುಗಿಯಲು ಹತ್ತು ನಿಮಿಷ ಉಳಿದಾಗ ರಾಮ್ಸೆ ಪೀಟರ್ಸ್‌ನನ್ನು ಕರೆಸಿ, ಕಾವಲಿಗೆಂದು ನಾರ್ಮನ್ ಹಂಟರ್‌ನನ್ನು ಇಳಿಸಿದ. ಗ್ರಾಬೋವ್‌ಸ್ಕಿಯ ಕೈಯಲ್ಲಿ ನುಚ್ಚುನೂರಾಗುತ್ತಿದ್ದ ಕೂಪರ್ ಮಾತ್ರ ಇದ್ದಲ್ಲೇ ಇದ್ದ. ಗೋಡೆ ಬಿರುಕು ಬಿಟ್ಟದ್ದು ಎಡಬದಿಯಲ್ಲಿ, ಗಾರೆ ಬಿದ್ದದ್ದು ನಡುವೆ. ಹಂಟರ್ ಬಂದ ಹೊತ್ತಿನಲ್ಲೇ ಜರ್ಮನಿಯ ಶ್ನೆಲಿಂಗರ್ ತೂರಿದ ಚೆಂಡಿಗೆ ಊವೆ ಸೀಲರ್ ಬೆನ್ನು ತಿರುಗಿಸಿ ನೆಗೆದು, ತಲೆಯ ಹಿಂಭಾಗದಿಂದಲೇ ತಟ್ಟಿದ. ಅದು ಬೊನೆಟ್ಟಿಯ ಮೇಲಿಂದ ಕಮಾನಿನಂತೆ ಬಾಗಿ ಬಲೆಗೆ ಬಿತ್ತು. 2-2.

ಹೆಚ್ಚುವರಿ ಸಮಯದಲ್ಲಿ ರಾಮ್ಸೆಯ ಬತ್ತಳಿಕೆ ಬರಿದಾಗಿತ್ತು. ಎರಡೂ ಬಾಣ ಬಿಟ್ಟಾಗಿತ್ತು, ಆಟ ಬಲ್ಲ ಇಬ್ಬರು ನಡುಮೈದಾನದ ವೀರರು ಬೆಂಚಿನ ಮೇಲಿದ್ದರು. 108ನೇ ನಿಮಿಷದಲ್ಲಿ ಗ್ರಾಬೋವ್‌ಸ್ಕಿ ಮತ್ತೊಮ್ಮೆ ಕೂಪರ್‌ನನ್ನು ದಾಟಿ ಕ್ರಾಸ್ ಕೊಟ್ಟ. ಲ್ಯೋರ್ ಅದನ್ನು ತಲೆಯಿಂದ ಗೋಲಿನ ಮುಂದಕ್ಕೆ ತಿರುಗಿಸಿದ. ಗೆರ್ಡ್ ಮ್ಯುಲರ್ ಹತ್ತಿರದಿಂದ ಒದ್ದು ಮುಗಿಸಿದ. 3-2. ವೆಂಬ್ಲಿಯ ಕಿರೀಟ ಲೆಯೋನ್‌ನಲ್ಲಿ ಇಳಿಯಿತು. ಬೊನೆಟ್ಟಿ ಮತ್ತೆಂದೂ ಇಂಗ್ಲೆಂಡಿಗೆ ಆಡಲಿಲ್ಲ. ಚಾರ್ಲ್‌ಟನ್‌ನ 106ನೇ ಪಂದ್ಯವೇ ಕೊನೆಯದಾಯಿತು. ನಾಲ್ಕು ದಿನಕ್ಕೆ, ಜೂನ್ 18ರಂದು, ಬ್ರಿಟನ್ನಿನ ಚುನಾವಣೆಯಲ್ಲಿ ಪ್ರಧಾನಿ ಹೆರಾಲ್ಡ್ ವಿಲ್ಸನ್ ಸೋತಾಗ, ಆ ಸೋಲಿಗೂ ಲೆಯೋನ್‌ನ ಬೇಸರವನ್ನೇ ಕಾರಣ ಮಾಡಿದವರುಂಟು.

ಹೊಸ ನಿಯಮ ಗೆದ್ದವರನ್ನೂ ಸುಮ್ಮನೆ ಬಿಡಲಿಲ್ಲ. ಸೆಮಿಫೈನಲಿನಲ್ಲಿ ಇಟಲಿಯ ವಿರುದ್ಧ ಬೆಕೆನ್‌ಬಾವರ್‌ನ ಭುಜ ಜಾರಿದಾಗ ಶೋನ್ ಆಗಲೇ ಎರಡೂ ಬದಲಾವಣೆ ಮಾಡಿ ಮುಗಿಸಿದ್ದ. ಕೈಯನ್ನು ಎದೆಗೆ ಕಟ್ಟಿಕೊಂಡೇ ಆ ವೀರ ಹೆಚ್ಚುವರಿ ಸಮಯವೆಲ್ಲ ಆಡಿದ, ಜರ್ಮನಿ 3-4ರಿಂದ ಸೋತಿತು. ಅಂದು ಇಟಲಿಯ ಗೆಲುವಿನ ಗೋಲು ಹೊಡೆದ ಜಾನಿ ರಿವೆರಾನನ್ನು ಕೋಚ್ ವಾಲ್ಕಾರೆಜ್ಜಿ ಫೈನಲಿನಲ್ಲಿ ಕೊನೆಯ ಆರು ನಿಮಿಷಕ್ಕಷ್ಟೇ ಇಳಿಸಿದ. ಬ್ರೆಜಿಲ್ 4-1ರಿಂದ ಗೆದ್ದಿತು. ಇಟಲಿಯವರು ಆ ಆರು ನಿಮಿಷವನ್ನು ಇಂದಿಗೂ ಕ್ಷಮಿಸಿಲ್ಲ.

ರಾಮ್ಸೆಗೆ ಇನ್ನೊಂದು ಪರೀಕ್ಷೆ ಬಾಕಿಯಿತ್ತು. 1973ರ ಅಕ್ಟೋಬರ್ 17ರಂದು ವೆಂಬ್ಲಿಯಲ್ಲಿ ಪೋಲೆಂಡನ್ನು ಸೋಲಿಸಿದರಷ್ಟೇ ಇಂಗ್ಲೆಂಡಿಗೆ ಮುಂದಿನ ವಿಶ್ವಕಪ್ಪಿಗೆ ಪ್ರವೇಶ. ಲೆಯೋನ್‌ನಲ್ಲಿ ಕಾವಲಿಗೆ ಬಂದಿದ್ದ ಅದೇ ಹಂಟರ್ ಗಡಿಗೆರೆಯ ಬಳಿ ಚೆಂಡು ಕಳೆದುಕೊಂಡ. ಪೋಲೆಂಡಿನ ಡೊಮಾರ್‌ಸ್ಕಿ ಗೋಲು ಹೊಡೆದ. ಅಲನ್ ಕ್ಲಾರ್ಕ್ ಪೆನಾಲ್ಟಿಯಿಂದ ಸಮ ಮಾಡಿದ. ಆಮೇಲೆ ಪೋಲೆಂಡಿನ ಗೋಲ್‌ಕೀಪರ್ ತೊಮಾಷೆವ್‌ಸ್ಕಿ ಎಲ್ಲವನ್ನೂ ತಡೆಯುತ್ತ ನಿಂತ. ಹೊಸ ಕಾಲುಗಳಿಗಾಗಿ ಆಟವೇ ಕೂಗುತ್ತಿತ್ತು. ರಾಮ್ಸೆ ಕಾದ, ಮತ್ತೆ ಕಾದ. ಕೊನೆಗೆ ಸುಮಾರು ಎರಡು ನಿಮಿಷ ಉಳಿದಾಗ ಕೆವಿನ್ ಹೆಕ್ಟರ್‌ನನ್ನು ಇಳಿಸಿದ. ಅಷ್ಟರಲ್ಲೇ ಹೆಕ್ಟರ್ ಹೊಡೆದ ಹೆಡರ್ ಗೋಲ್ ಗೆರೆಯ ಮೇಲೆ ತಡೆಯಲ್ಪಟ್ಟಿತು. ಪಂದ್ಯ 1-1. ಇಂಗ್ಲೆಂಡ್ ಹೊರಬಿತ್ತು.

ಈ ಎರಡು ಪಂದ್ಯಗಳನ್ನು ಬೇರೆ ಬೇರೆಯಾಗಿ ನೋಡಿದವರು ಒಂದರಲ್ಲಿ ಬೊನೆಟ್ಟಿಯನ್ನೂ ಇನ್ನೊಂದರಲ್ಲಿ ಹಂಟರ್‌ನನ್ನೂ ದೂರಿದರು. ಒಟ್ಟಿಗೆ ಇಟ್ಟು ನೋಡಿದರೆ ದೋಷ ಬೆಂಚಿನ ಮೇಲಿತ್ತು ಎಂಬುದು ನಿಚ್ಚಳ. ಲೆಯೋನ್‌ನಲ್ಲಿ ರಾಮ್ಸೆ ಅವಸರಪಟ್ಟ, ವೆಂಬ್ಲಿಯಲ್ಲಿ ತಡಮಾಡಿದ. ಆಟಕ್ಕೆ ಮುಂಚೆ ಆಲೋಚಿಸುವುದರಲ್ಲಿ ಅವನನ್ನು ಮೀರಿಸಿದವರು ಆ ಕಾಲದ ಇಂಗ್ಲೆಂಡಿನಲ್ಲಿ ಇರಲಿಲ್ಲ. ಆಟದ ನಡುವೆ ಆಲೋಚಿಸುವ ಹೊಸ ವಿದ್ಯೆ ಅವನಿಗೆ ಕೊನೆಗೂ ಒಲಿಯಲಿಲ್ಲ. 1974ರಲ್ಲಿ ಅವನನ್ನು ಹುದ್ದೆಯಿಂದ ತೆಗೆದುಹಾಕಲಾಯಿತು. ಅದೇ ವರ್ಷ ಜುಲೈ 7ರಂದು ಮ್ಯೂನಿಕ್‌ನಲ್ಲಿ ನೆದರ್‌ಲೆಂಡ್ಸನ್ನು 2-1ರಿಂದ ಸೋಲಿಸಿ ಪಶ್ಚಿಮ ಜರ್ಮನಿ ವಿಶ್ವಕಪ್ ಎತ್ತಿತು. ನಾಯಕ ಬೆಕೆನ್‌ಬಾವರ್, ಕೋಚ್ ಹೆಲ್ಮುಟ್ ಶೋನ್.