ಏಳು ವಾದ್ಯ, ಒಬ್ಬ ಸೈನಿಕ

ಆರ್ಕೆಸ್ಟ್ರಾ ಅಂದ್ರೆ ವೇದಿಕೆ ತುಂಬ ಜನ ಅಂತ ನಾನೂ ಅಂದ್ಕೊಂಡಿದ್ದೆ. 1918ರ ಸ್ವಿಟ್ಜರ್ಲೆಂಡಿಗೆ ಬನ್ನಿ. ಕ್ರಾಂತಿಯಿಂದಾಗಿ ಸಂಗೀತ ಸಂಯೋಜಕ ಸ್ಟ್ರಾವಿನ್‌ಸ್ಕಿಗೆ ರಷ್ಯಾದಿಂದ ಬರ್ತಿದ್ದ ಹಣ ನಿಂತಿತ್ತು. ಗೆಳೆಯ, ಕಾದಂಬರಿಕಾರ ರಾಮ್ಯೂಗೂ ಯುದ್ಧಕಾಲದ ಕಷ್ಟ. ಇಬ್ಬರೂ ಸೇರಿ ಊರೂರು ತಿರುಗಿ ಆಡೋಕೆ ಪುಟ್ಟ ಪ್ರದರ್ಶನ ಕಟ್ಟಿದ್ರು: 'ಸೈನಿಕನ ಕಥೆ'. ಬರೀ ಏಳು ವಾದ್ಯ. ಕಥೆ ಹೇಳೋಕೆ ಒಬ್ಬ ನಿರೂಪಕ. ನಮ್ಮ ಹರಿಕಥೆ ನೆನಪಾಯ್ತಾ? ನಂಗಂತೂ ಆಯ್ತು.

ರಜೆ ಮೇಲೆ ಹೊರಟ ಸೈನಿಕ ತನ್ನ ಪಿಟೀಲನ್ನು ಸೈತಾನನಿಗೆ ಕೊಟ್ಟು, ಹಣ ತರೋ ಪುಸ್ತಕ ಪಡೀತಾನೆ. ಅವನ ಜೊತೆ ಕಳೆದದ್ದು ಮೂರೇ ದಿನ ಅನ್ಕೊಂಡು ಊರಿಗೆ ಬಂದ್ರೆ, ಮೂರು ವರ್ಷ ಕಳೆದಿದೆ. ಜನ ದೆವ್ವ ಅಂತ ಓಡ್ತಾರೆ. ಯುದ್ಧ ಇನ್ನೂ ಮುಗಿಯದ ಆ ದಿನಗಳಲ್ಲಿ ಇದನ್ನು ಕೇಳಿದವರಿಗೆ ಏನನ್ನಿಸಿರಬೇಡ!

ಸೆಪ್ಟೆಂಬರ್ 28ರಂದು ಲೋಸಾನ್‌ನಲ್ಲಿ ಮೊದಲ ಪ್ರದರ್ಶನ. ಅಷ್ಟರಲ್ಲೇ ಸ್ಪ್ಯಾನಿಷ್ ಫ್ಲೂ ಬಂತು. ಮುಂದಿನ ಊರುಗಳ ಪ್ರವಾಸ ರದ್ದಾಯ್ತು.