ಲೂಪ್‌ಗಳನ್ನು ಧ್ವನಿಯಾಗಿ ಉಳಿಸುವ ಬಗೆ

ಚೆನ್ನೈಗೂ ಕನ್ನಡದ ಹಾಡುಗಳಿಗೂ ಇರುವ ನಂಟು ಹಳೆಯದು. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಮೊದಲಾದವರ ಗೀತೆಗಳು ಇಲ್ಲಿನ ಸ್ಟುಡಿಯೋಗಳಲ್ಲಿ ಮುದ್ರಣಗೊಂಡವು. ಆ ಆರಂಭದ ದಿನಗಳಲ್ಲಿ ಗಾಯಕರೂ ವಾದ್ಯವೃಂದದವರೂ ಒಟ್ಟಿಗೇ ಹಾಡಿ ನುಡಿಸಬೇಕಿತ್ತು. ಒಬ್ಬರು ತಪ್ಪಿದರೂ ಮತ್ತೆ ಮೊದಲಿನಿಂದ. 1989ರಲ್ಲಿ ಎ.ಆರ್. ರೆಹಮಾನ್ ಕೋಡಂಬಾಕಂನ ತಮ್ಮ ಮನೆಯಲ್ಲೇ ಸ್ಟುಡಿಯೋ ಕಟ್ಟಿದರು. 1992ರ 'ರೋಜಾ' ಚಿತ್ರದ ತರುವಾಯ ಕಂಪ್ಯೂಟರಿನಲ್ಲಿ ಹೆಣೆದ ಸಂಗೀತ ಮನೆಮಾತಾಯಿತು. ಇಂದು ನಮ್ಮ ಮನೆಗಳ ಮಕ್ಕಳೂ ಲ್ಯಾಪ್‌ಟಾಪಿನಲ್ಲಿ ಹಿನ್ನೆಲೆ ಸಂಗೀತ ಸಿದ್ಧಪಡಿಸುತ್ತಾರೆ.

ಲೂಪ್ ಎಂದರೇನು?

ತಾಳದ ಆವರ್ತದಂತೆ ಮರಳಿ ಮರಳಿ ಬರುವ ಸಂಗೀತದ ತುಣುಕೇ ಲೂಪ್. ಇದರಲ್ಲಿ ಎರಡು ಬಗೆ. ಒಂದು, ಮುದ್ರಿತ ಧ್ವನಿ. ಇನ್ನೊಂದು, 1983ರಲ್ಲಿ ಬಳಕೆಗೆ ಬಂದ ಮಿಡಿ ಪದ್ಧತಿಯದು. ಮಿಡಿಯಲ್ಲಿ ನಾದವಿಲ್ಲ, ಯಾವ ಸ್ವರ, ಯಾವಾಗ, ಎಷ್ಟು ಒತ್ತಿನಿಂದ ಎಂಬ ಸೂಚನೆ ಮಾತ್ರ ಇರುತ್ತದೆ. ಅದು ಸ್ವರಲಿಪಿಯಿದ್ದಂತೆ. ನುಡಿಸುವುದು ತಂತ್ರಾಂಶದೊಳಗಿನ ವಾದ್ಯ.

ಧ್ವನಿಗೆ ಏಕೆ ಇಳಿಸಬೇಕು?

ಒಮ್ಮೆ ರಾಜ್ಯೋತ್ಸವದ ಸಮೂಹಗಾನಕ್ಕೆಂದು ಹಿಂದಿನ ವರ್ಷದ ಕಡತವನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದೆವು. ತಬಲಾ ಕೇಳಿಸಿತು, ವೀಣೆ ಮೌನವಾಗಿತ್ತು. ವೀಣೆಯ ವಾದ್ಯ-ತಂತ್ರಾಂಶ ಅದರಲ್ಲಿ ಇರಲಿಲ್ಲ. ಲಿಪಿ ಉಳಿದಿತ್ತು, ವೈಣಿಕರು ಬಂದಿರಲಿಲ್ಲ! ಮಕ್ಕಳು ಹಾರ್ಮೋನಿಯಂ ಒಂದನ್ನೇ ನೆಚ್ಚಿ ಹಾಡಬೇಕಾಯಿತು. ಆ ಲೂಪನ್ನು ಮೊದಲೇ ಧ್ವನಿಗೆ ಇಳಿಸಿದ್ದರೆ ಈ ಪೇಚು ಒದಗುತ್ತಿರಲಿಲ್ಲ.

ಮಾಡುವ ಕ್ರಮ

ಬೇಕಾದ ಲೂಪ್‌ಗಳನ್ನಷ್ಟೇ ಆಯ್ದುಕೊಳ್ಳಬೇಕು. ಆರಂಭ ಮತ್ತು ಅಂತ್ಯ ಸರಿಯಾಗಿ ಆವರ್ತದ ಗಡಿಯಲ್ಲಿರಬೇಕು. ನಿಮಿಷಕ್ಕೆ 80 ಎಣಿಕೆಯ ವೇಗದಲ್ಲಿ ಆದಿತಾಳದ 8 ಎಣಿಕೆಗಳ ಒಂದು ಆವರ್ತಕ್ಕೆ ಕರಾರುವಾಕ್ಕಾಗಿ 6 ಸೆಕೆಂಡು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಪ್ರತಿ ಸುತ್ತಿಗೂ ತಾಳ ಜಾರುತ್ತದೆ. ಹಾಡಿನ ಕೊನೆಯ ತುಣುಕಾದರೆ ಮಾತ್ರ, ಅನುರಣನ ಪೂರ್ತಿ ಅಡಗುವಷ್ಟು ಹೆಚ್ಚುವರಿ ಅವಧಿ ಬಿಡಬೇಕು.

ಬಳಿಕ ಆದೇಶ ನೀಡುವುದು. ಲಾಜಿಕ್ ಪ್ರೊದಲ್ಲಿ ಇದಕ್ಕೆ 'ಬೌನ್ಸ್ ಇನ್ ಪ್ಲೇಸ್' ಎಂದೂ ಏಬಲ್ಟನ್ ಲೈವ್‌ನಲ್ಲಿ 'ಫ್ರೀಜ್' ಮಾಡಿ 'ಫ್ಲಾಟನ್' ಎಂದೂ ರೀಪರ್‌ನಲ್ಲಿ 'ರೆಂಡರ್' ಎಂದೂ ಹೆಸರು. ವೇವ್ ರೂಪ, 24 ಬಿಟ್, ಸೆಕೆಂಡಿಗೆ 48,000 ಮಾದರಿಗಳು ಉತ್ತಮ ಆಯ್ಕೆ. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 17 ಮೆಗಾಬೈಟ್ ಜಾಗ ಬೇಕು. ಧ್ವನಿಮಟ್ಟದ ಸೂಚಕ ಕೆಂಪು ಮುಟ್ಟದಂತೆ ನೋಡಿಕೊಳ್ಳಬೇಕು. ಒಮ್ಮೆ ಒಡೆದು ಮುದ್ರಿತವಾದ ನಾದವನ್ನು ಮೊದಲಿನಂತೆ ಮಾಡುವುದು ಕಷ್ಟ.

ಮೂಲವೂ ಇರಲಿ

ಧ್ವನಿಗೆ ಇಳಿಸಿದ ಮೇಲೆ ಒಂದೇ ಸ್ವರವನ್ನು ತಿದ್ದುವುದು ಸುಲಭವಲ್ಲ; ಶ್ರುತಿಯನ್ನು ಹೆಚ್ಚು ಏರಿಸಿದರೆ ವಾದ್ಯದ ಸಹಜತೆ ಕೆಡುತ್ತದೆ. ಆದ್ದರಿಂದ ಮಿಡಿ ಮೂಲವನ್ನು ಅಳಿಸಬಾರದು. ಲೆಡ್ಜರಿಗೆ ಬರೆದಾಯಿತೆಂದು ವೋಚರನ್ನು ಹರಿದೊಗೆಯುವುದಿಲ್ಲ ಎಂಬುದು ಬ್ಯಾಂಕಿನಲ್ಲಿ ದುಡಿಯುವ ನಮಗೆ ರೂಢಿಯಾದ ಪಾಠ. ಕಡತದ ಹೆಸರಿನಲ್ಲೇ ಹಾಡು, ಶ್ರುತಿ, ತಾಳ, ವೇಗ, ವರ್ಷಗಳನ್ನು ನಮೂದಿಸಿ ಎರಡು ಕಡೆ ಪ್ರತಿ ಇಟ್ಟರೆ, ಇಂದಿನ ಮಕ್ಕಳ ಶ್ರಮ ಮುಂದಿನ ಮಕ್ಕಳ ಹಾಡಿಗೂ ಒದಗುತ್ತದೆ.